ಸೂರ್ಯನ ಕಲೆ ಎಣಿಸುವವರು

ನನ್ನ ಗಂಡನ ಕಣ್ಣು ಹೋಗಿದ್ದು ಸೂರ್ಯನನ್ನು ನೋಡಿ ನೋಡಿ ಅಂತ ನಮ್ಮ ಬೀದಿಯವರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದಾರೆ. ಎದುರುಮನೆ ಆಂಜನಮ್ಮ ಸೊಪ್ಪು ಬಿಡಿಸುತ್ತಾ, "ದೇವರನ್ನ ದಿನಾ ಹಂಗೆ ದುರುಗುಟ್ಟಿಕೊಂಡು ನೋಡಿದ್ರೆ ಬಿಡ್ತಾನಾ ಅವನು?" ಅಂದಳು. ನಾನು ತಿದ್ದಲಿಲ್ಲ. ತಿದ್ದಲು ಹೊರಟರೆ ನಿಜ ಹೇಳಬೇಕಾಗುತ್ತದೆ. ಮೂವತ್ತೆರಡು ವರ್ಷದಲ್ಲಿ ಇವರು ಒಂದು ದಿನವೂ ಸೂರ್ಯನನ್ನು ನೇರವಾಗಿ ನೋಡಿದವರಲ್ಲ. ಸೂರ್ಯನದೇನೂ ತಪ್ಪಿಲ್ಲ. ತಪ್ಪು ಮಾಡಿದವಳು ನಾನು, ಅದನ್ನೂ ಪ್ರೀತಿಯಿಂದಲೇ ಮಾಡಿದೆ. ಬಾಯಲ್ಲಿ ಹೇಳಲಾರದ್ದನ್ನು ಬರೆದಾದರೂ ಇಡೋಣ ಅಂತ ಕೂತಿದ್ದೇನೆ.

ನನ್ನ ಹೆಸರು ಆದಿಲಕ್ಷ್ಮಿ. ಇವರು ಕೆಂಪರಾಜ್, ವಿಮಾನಪುರದ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ. ತಯಾರಾದ ಬಿಡಿಭಾಗಗಳನ್ನು ಅಳೆದು ನೋಡಿ ಪಾಸು ಇಲ್ಲವೇ ರಿಜೆಕ್ಟು ಅಂತ ಮುದ್ರೆ ಒತ್ತುವ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ರಿಜೆಕ್ಟು. ಮನೆಯಲ್ಲೂ ಅದೇ ಚಾಳಿ. ಮದುವೆಯಾದ ಹೊಸದರಲ್ಲಿ ನನ್ನ ಚಪಾತಿಯ ಅಂಚು ನೋಡಿ ಹುಬ್ಬು ಗಂಟಿಕ್ಕಿದ್ದಕ್ಕೆ ಲಟ್ಟಣಿಗೆಯನ್ನು ಅವರ ಕೈಗೇ ಕೊಟ್ಟು ಹೊರಗೆ ಬಂದು ಕೂತಿದ್ದೆ. ಆಮೇಲೆ ಚಪಾತಿ ಸುದ್ದಿಗೆ ಬರಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಕ್ವಾರ್ಟರ್ಸ್ ಬಿಡುವ ಮುಂಚೆ ಮುರುಗೇಶಪಾಳ್ಯದಲ್ಲಿ ಒಂದು ಸಣ್ಣ ಮನೆ ಕಟ್ಟಿಸಿಕೊಂಡೆವು. ಮನೆಗಿಂತ ಮೊದಲು ಮಾಳಿಗೆ ಹೇಗಿರಬೇಕು ಅಂತ ಇವರು ಮೇಸ್ತ್ರಿಗೆ ಚಿತ್ರ ಬರೆದು ಕೊಟ್ಟಿದ್ದರು.

ಮಾಳಿಗೆ ಬೇಕಾಗಿದ್ದು ದೂರದರ್ಶಕಕ್ಕೆ. ಟಿವಿ ಅಲ್ಲ, ಆಕಾಶ ನೋಡುವ ಕೊಳವೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಿಂದಿನ ಸಂದಿಯಲ್ಲಿ ಅಕ್ತರ್ ಭಾಯಿಯ ಕನ್ನಡಕದ ಅಂಗಡಿ ಇದೆ. ಇವರು ಕನ್ನಡಕ ಮಾಡಿಸಲು ಹೋದವರು ಗಾಜಿನ ಮಾತಿಗೆ ಕೂತು, ಮಾತು ಬೆಳೆದು, ಕಡೆಗೆ ಇಬ್ಬರೂ ಸೇರಿ ಮೂರಿಂಚಿನ ಗಾಜು ಹಾಕಿ ಇದನ್ನು ಮಾಡಿದರು. ತೊಂಬತ್ತೆರಡನೇ ಇಸವಿ. ಅವತ್ತಿನಿಂದ ಒಂದೇ ಕೊಳವೆ, ಒಂದೇ ಗಾಜು. ಗಾಜು ಬದಲಾಯಿಸಿಕೊಡುತ್ತೇನೆ ಅಂತ ಅಕ್ತರ್ ಭಾಯಿ ಎಷ್ಟೋ ಸಲ ಹೇಳಿದರೂ ಇವರು ಒಪ್ಪಲಿಲ್ಲ.

ಇವರ ಹುಚ್ಚು ರಾತ್ರಿಯದಲ್ಲ, ಹಗಲಿನದು. ಬೆಳಿಗ್ಗೆ ಎಂಟೂವರೆಗೆ ಕೊಳವೆಯನ್ನು ಸೂರ್ಯನ ಕಡೆ ತಿರುಗಿಸಿದರೆ ಹಿಂದೆ ಕಟ್ಟಿದ ಬಿಳಿ ರಟ್ಟಿನ ಮೇಲೆ ತಟ್ಟೆಯಷ್ಟಗಲ ಸೂರ್ಯ ಬೀಳುತ್ತಾನೆ. ಅದರ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ. ಅವು ಸೂರ್ಯನ ಕಲೆಗಳು. ಕೆಲವು ಒಂಟಿ, ಕೆಲವು ಗುಂಪು. ಎಷ್ಟು ಗುಂಪು, ಒಟ್ಟು ಎಷ್ಟು ಕಲೆ ಅಂತ ಎಣಿಸಿ ಬರೆದಿಡುವುದು ಇವರ ಕೆಲಸ. ತಿಂಗಳಿಗೊಮ್ಮೆ ಆ ಪಟ್ಟಿ ಯೂರೋಪಿನ ಒಂದು ಕೇಂದ್ರಕ್ಕೆ ಹೋಗುತ್ತದೆ. ಲೋಕದ ನಾನಾ ಕಡೆ ಇಂಥ ಹವ್ಯಾಸಿಗಳು ಎಣಿಸಿ ಕಳಿಸಿದ್ದನ್ನೆಲ್ಲ ಅವರು ಸೇರಿಸಿ ಒಂದು ಸಂಖ್ಯೆ ಮಾಡುತ್ತಾರಂತೆ. ಉಪಗ್ರಹದವರಿಗೂ ರೇಡಿಯೋದವರಿಗೂ ಅದು ಬೇಕಂತೆ. ಉಪಗ್ರಹವೇ ಫೋಟೋ ತೆಗೆಯುವಾಗ ನಿಮ್ಮ ಕಣ್ಣು ಯಾಕ್ರೀ ಬೇಕು ಅಂತ ಕೇಳಿದ್ದೆ. "ನಾನೂರು ವರ್ಷದ ಹಿಂದೆ ಎಣಿಸಿದ್ದೂ ಕಣ್ಣಲ್ಲೇ ಕಣೇ. ಅದರ ಜೊತೆ ಹೋಲಿಸ್ಬೇಕು ಅಂದ್ರೆ ಇವತ್ತೂ ಕಣ್ಣೇ ಬೇಕು. ಅದೇ ಕಣ್ಣು, ಅದೇ ಗಾಜು, ಅದೇ ಜಾಗ. ವರ್ಷ ಹೆಚ್ಚಾದಷ್ಟೂ ಬೆಲೆ ಹೆಚ್ಚು" ಅಂದಿದ್ದರು. ಆ ಮಾತು ಹೇಳುವಾಗ ಇವರ ಮುಖ ನೋಡಬೇಕಿತ್ತು. ಕಾರ್ಖಾನೆ ಇವರಿಗೆ ನಿವೃತ್ತಿಯ ದಿನ ಒಂದು ಗೋಡೆ ಗಡಿಯಾರ ಕೊಟ್ಟು ಕೈಮುಗಿದಿತ್ತು. ಈ ಕೇಂದ್ರದವರು ಮಾತ್ರ ವರ್ಷಾ ವರ್ಷಾ ಕಾಗದ ಬರೆಯುತ್ತಿದ್ದರು.

ಒಬ್ಬರ ಎಣಿಕೆಯನ್ನು ಉಳಿದವರದಕ್ಕೆ ಸರಿಹೊಂದಿಸಲು ಕೇಂದ್ರದವರು ಪ್ರತಿಯೊಬ್ಬರ ಕಣ್ಣಿಗೂ ಒಂದು ಗುಣಕ ಇಟ್ಟಿರುತ್ತಾರೆ. ಕೆಲವರು ಹೆಚ್ಚು ಎಣಿಸುತ್ತಾರೆ, ಕೆಲವರು ಕಡಿಮೆ. ಎಷ್ಟು ಎಣಿಸಿದರೂ ಅಡ್ಡಿಯಿಲ್ಲ, ವರ್ಷದಿಂದ ವರ್ಷಕ್ಕೆ ಒಂದೇ ಥರ ಎಣಿಸಬೇಕು. ಗುಣಕ ಅಲ್ಲಾಡಿದರೆ ಆ ಮನುಷ್ಯನ ಕಣ್ಣೋ ಗಾಜೋ ಕೆಟ್ಟಿದೆ ಅಂತ ಅರ್ಥ. ಇವರ ಗುಣಕ ಮೂವತ್ತು ವರ್ಷ ಅಲ್ಲಾಡಿರಲಿಲ್ಲ.

ಅದಕ್ಕೆ ಇವರು ಮಡಿಗಿಂತ ಕಟ್ಟುನಿಟ್ಟಾಗಿ ಕೆಲವು ನೇಮ ಇಟ್ಟುಕೊಂಡಿದ್ದರು. ಎಣಿಸುವ ಮೊದಲು ನಿನ್ನೆಯ ಎಣಿಕೆ ನೋಡಬಾರದು. ಬೇರೆಯವರು ಎಣಿಸಿದ ಸಂಖ್ಯೆಯನ್ನು ಎಂದೂ ನೋಡಬಾರದು. ನೋಡಿದರೆ ಮಾರನೇ ದಿನ ಕಣ್ಣು ಅದನ್ನೇ ಹುಡುಕುತ್ತದಂತೆ. ಮೋಡವಿದ್ದರೆ ಮೋಡ ಅಂತ ಬರೆಯಬೇಕು, ಊಹೆ ಮಾಡಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ಪಕ್ಕದಲ್ಲಿದ್ದವರು ಬೆರಳು ತೋರಿಸಬಾರದು.

ಪಕ್ಕದಲ್ಲಿದ್ದವಳು ನಾನು. ಇವರು ತಲೆ ಮೇಲೆ ಕಪ್ಪು ಬಟ್ಟೆ ಹೊದ್ದು ರಟ್ಟಿನ ಮೇಲೆ ಬಗ್ಗಿರುತ್ತಿದ್ದರು. ನಾನು ಛತ್ರಿ ಹಿಡಿದು ಸ್ಟೂಲಿನ ಮೇಲೆ ಪುಸ್ತಕ ತೆರೆದು ಕೂತಿರುತ್ತಿದ್ದೆ. ಮೇಲೆ ವಿಮಾನ ಹಾರಿದರೆ ಮಾಳಿಗೆ ನಡುಗಿ ಚಿತ್ರ ಕದಲುತ್ತದೆ. ಅದು ಹೋಗುವ ತನಕ ಇಬ್ಬರೂ ಸುಮ್ಮನೆ ಕಾಯುತ್ತಿದ್ದೆವು. ಆಮೇಲೆ ಬಟ್ಟೆಯೊಳಗಿಂದ ದನಿ ಬರುತ್ತಿತ್ತು. "ಗುಂಪು ಐದು. ಕಲೆ ಇಪ್ಪತ್ತಮೂರು. ಬರಕೊಂಡ್ಯಾ?" ನಾನು ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಕಾರ್ಖಾನೆಯಲ್ಲಿ ಅಳೆಯುವವನೊಬ್ಬ, ಬರೆಯುವವನೊಬ್ಬ, ಹಾಗೆ. ಓದಿ ಮುಗಿಸಿದ ಮೇಲೆ ಇವರು ಎದ್ದು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾ, "ಬಾ, ನೀನೂ ನೋಡು" ಅನ್ನುತ್ತಿದ್ದರು. ಎಣಿಕೆ ಆದ ಮೇಲೆ ಯಾರು ನೋಡಿದರೂ ದೋಷವಿಲ್ಲ. ಯಾವುದು ಕಲೆ, ಯಾವುದು ಗಾಜಿನ ಧೂಳು, ಎಲ್ಲಿಗೆ ಒಂದು ಗುಂಪು ಮುಗಿದು ಇನ್ನೊಂದು ಶುರುವಾಗುತ್ತದೆ ಅಂತ ಇವರೇ ಹೇಳಿಕೊಟ್ಟರು. ಇಷ್ಟು ವರ್ಷದಲ್ಲಿ ನನಗೂ ಇವರ ಕಣ್ಣೇ ಬಂದಂತಾಗಿತ್ತು. ಆಗ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಸೂರ್ಯನ ಕಲೆಗಳು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಾಗಿ, ನಡುವೆ ಪೂರಾ ಕಡಿಮೆಯಾಗುತ್ತವೆ. ಕೊರೋನಾ ಬರುವ ಹೊತ್ತಿಗೆ ಸೂರ್ಯ ತೊಳೆದಿಟ್ಟ ಬಟ್ಟಲಿನಂತೆ ಬರಿದಾಗಿದ್ದ. ದಿನಾ ಸೊನ್ನೆ. ಆ ಹೊತ್ತಿನಲ್ಲೇ ಇವರಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿದ್ದು. ಮಾತ್ರೆ ನುಂಗುತ್ತಿದ್ದರು, ಕಾಫಿಗೆ ಸಕ್ಕರೆ ಬಿಟ್ಟರು, ಮಿಕ್ಕಿದ್ದೆಲ್ಲ ಮೊದಲಿನಂತೆಯೇ. ವರ್ಷಕ್ಕೊಮ್ಮೆ ಕಣ್ಣು ತೋರಿಸಿಕೊಳ್ಳಿ ಅಂತ ಸಕ್ಕರೆ ಡಾಕ್ಟರು ಚೀಟಿಯಲ್ಲಿ ಬರೆದಿದ್ದನ್ನು ನಾನೂ ಓದಿದ್ದೆ. ಸೊನ್ನೆ ಎಣಿಸುವುದಕ್ಕೆ ಒಳ್ಳೆಯ ಕಣ್ಣೇ ಬೇಕು ಅಂತೇನಿಲ್ಲವಲ್ಲ. ಹಾಗಾಗಿ ಯಾರಿಗೂ ಏನೂ ತಿಳಿಯಲಿಲ್ಲ.

ಆಮೇಲೆ ಕಲೆಗಳು ಮತ್ತೆ ಏರತೊಡಗಿದವು. ಎರಡು ಸಾವಿರದ ಇಪ್ಪತ್ತಮೂರು, ಫೆಬ್ರವರಿ ಒಂಬತ್ತು, ಗುರುವಾರ. ಬಟ್ಟೆಯೊಳಗಿಂದ, "ಗುಂಪು ನಾಲ್ಕು, ಕಲೆ ಹನ್ನೊಂದು" ಅಂದರು. ಬರೆದೆ, ಓದಿದೆ. ಆಮೇಲೆ ನಾನು ಬಗ್ಗಿ ನೋಡಿದರೆ ಏಳು ಗುಂಪುಗಳಿವೆ. ಎರಡು ಸಲ ಎಣಿಸಿದೆ. ಏಳೇ. ಬಲಗಡೆಯ ಅಂಚಿನಲ್ಲಿ ಸಾಸಿವೆ ಚೆಲ್ಲಿದಂತೆ ಒಂದು ಗುಂಪಿಗೆ ಗುಂಪೇ ಇದೆ, ಅದು ಇವರ ಲೆಕ್ಕಕ್ಕೇ ಬಂದಿಲ್ಲ.

"ರೀ, ಈ ಮೂಲೆ ನೋಡಿದ್ರಾ?" ಅಂದೆ.

ಅಷ್ಟಕ್ಕೇ ಇವರು ಸಿಡುಕಿದರು. "ಲಕ್ಷ್ಮಿ, ನಾನು ಎಷ್ಟು ಸಲ ಹೇಳಿದ್ದೀನಿ? ನೀನು ತೋರಿಸಿದ್ದನ್ನ ನೋಡಿದ್ರೆ ಅದು ನಾನು ನೋಡಿದ್ದಲ್ಲ. ಇನ್ನು ಮೇಲೆ ಒಂದು ತಿಂಗಳು ಆ ಮೂಲೆಗೇ ಕಣ್ಣು ಹೋಗುತ್ತೆ. ಯಾಕೆ ಹೀಗೆ ಹಾಳು ಮಾಡ್ತೀಯ?"

ನಾನು ಪುಸ್ತಕ ಮಡಚಿಕೊಂಡು ಕೆಳಗಿಳಿದೆ. ಅದಕ್ಕೆ ಒಂದು ತಿಂಗಳ ಹಿಂದೆ ಕೇಂದ್ರದ ವಾರ್ಷಿಕ ಕಾಗದ ಬಂದಿತ್ತು. ಯಾವುದೋ ದೇಶದ ಎಂಬತ್ತು ದಾಟಿದ ಹಿರಿಯರೊಬ್ಬರ ಗುಣಕ ಎರಡು ವರ್ಷದಿಂದ ಜಾರುತ್ತಿದ್ದು, ಅವರ ಸೇವೆಗೆ ವಂದಿಸಿ ಅವರನ್ನು ಪಟ್ಟಿಯಿಂದ ಬಿಡಲಾಗಿದೆ ಅಂತ ಅದರಲ್ಲಿತ್ತು. ಅದನ್ನು ಓದಿ ಇವರು ಅವತ್ತು ಸರಿಯಾಗಿ ಊಟ ಮಾಡಲಿಲ್ಲ. "ನಲವತ್ತು ವರ್ಷ ನೋಡಿದ ಮನುಷ್ಯ. ನಾಳೆ ಬೆಳಿಗ್ಗೆ ಎದ್ದು ಏನು ಮಾಡ್ತಾನೆ?" ಅಂದರು. ನನಗೆ ಆ ಮಾತು ಕರುಳಿಗೆ ನಾಟಿತ್ತು. ಇವರಿಗೆ ಬೇರೆ ಇನ್ನೇನಿದೆ? ನಾನಿದ್ದೇನೆ ಸರಿ, ಆದರೆ ನನ್ನನ್ನು ನೋಡಿದ್ದಕ್ಕೆ ಯೂರೋಪಿನಿಂದ ಕಾಗದ ಬರುವುದಿಲ್ಲವಲ್ಲ.

ಅವತ್ತು ಮಧ್ಯಾಹ್ನ ಪುಸ್ತಕ ತೆಗೆದು ನಾಲ್ಕನ್ನು ಏಳು ಮಾಡಿದೆ. ಹನ್ನೊಂದನ್ನು ಮೂವತ್ತೊಂದು ಮಾಡಿದೆ.

ಒಂದೇ ದಿನಕ್ಕೆ ಅಂದುಕೊಂಡೆ. ಇವರು ನಿದ್ದೆಗೆಟ್ಟಿದ್ದಾರೆ, ಕನ್ನಡಕದ ನಂಬರು ಬದಲಾಗಿರಬೇಕು ಅಂದುಕೊಂಡೆ. ಮಾರನೇ ದಿನ ಐದಕ್ಕೆ ಎಂಟಿತ್ತು. ವಾರ ಕಳೆಯುವಷ್ಟರಲ್ಲಿ ನನಗೆ ಕೈ ಪಳಗಿತು. ಇವರು ಹೇಳಿದ್ದನ್ನು ಇವರು ಹೇಳಿದಂತೆಯೇ ಓದಿ ಹೇಳುತ್ತಿದ್ದೆ, ಆಮೇಲೆ ಪುಸ್ತಕದಲ್ಲಿ ನಾನು ನೋಡಿದ್ದನ್ನು ಬರೆಯುತ್ತಿದ್ದೆ. ಓದುವಾಗ ನನ್ನ ದನಿ ನಡುಗಲಿಲ್ಲ. ಕೇಂದ್ರಕ್ಕೆ ಕಳಿಸಲು ಫೋನಿನಲ್ಲಿ ಅಂಕಿ ಒತ್ತುವುದು ಮುಂಚಿನಿಂದಲೂ ನನ್ನದೇ ಕೆಲಸ, ತಿಂಗಳ ಸರಾಸರಿ ತೆಗೆಯುವವಳೂ ನಾನೇ. ಇವರು ಹಳೆಯ ಎಣಿಕೆ ನೋಡುವ ಹಾಗಿಲ್ಲ, ಬೇರೆಯವರ ಎಣಿಕೆ ನೋಡುವ ಹಾಗಿಲ್ಲ. ಇವರ ನೇಮಗಳೇ ನನ್ನ ಸುಳ್ಳಿಗೆ ಕಾವಲು ನಿಂತವು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾರೆ. ನಾನು ಕಣ್ಣು ಬಿಟ್ಟುಕೊಂಡೇ ಕುಡಿದೆ.

ಸುಳ್ಳು ಅಂತ ನನಗೆ ಅನಿಸಿಯೂ ಇರಲಿಲ್ಲ. ಸೂರ್ಯನಲ್ಲಿ ಏನಿದೆಯೋ ಅದನ್ನೇ ಬರೆದಿದ್ದೇನೆ, ಇಲ್ಲದ್ದನ್ನು ಬರೆದಿಲ್ಲ, ಇದರಲ್ಲಿ ಯಾರಿಗೆ ನಷ್ಟ ಅಂತ ನನ್ನ ವಾದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅಂದುಕೊಂಡು ಹಾಯಾಗಿದ್ದೆ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ದಿನ ಇಬ್ಬರೂ ರಸೆಲ್ ಮಾರುಕಟ್ಟೆಗೆ ಹೋಗಿದ್ದೆವು. ತರಕಾರಿ ಕೊಂಡು, ಬ್ಯಾಗು ಹಿಡಿದುಕೊಂಡೇ ಅಕ್ತರ್ ಭಾಯಿಯ ಅಂಗಡಿಗೆ ಹೋದೆವು. ಅಕ್ತರ್ ಭಾಯಿ ಚಹಾ ತರಿಸಿದರು. ಇವರು ಲೋಟ ಇಡುವಾಗ ಮೇಜಿನ ಅಂಚು ತಪ್ಪಿತು. ಚಹಾ ಚೆಲ್ಲಿತು. ಅಕ್ತರ್ ಭಾಯಿ ಬಟ್ಟೆಯಲ್ಲಿ ಒರೆಸುತ್ತಾ ಇವರ ಮುಖವನ್ನೇ ನೋಡಿದರು.

"ಕೆಂಪರಾಜಣ್ಣ, ಬನ್ನಿ ಇಲ್ಲಿ ಕೂತ್ಕೊಳ್ಳಿ. ಬೋರ್ಡ್ ಓದಿಸ್ತೀನಿ. ಎರಡು ನಿಮಿಷ."

"ನನಗ್ಯಾಕಯ್ಯಾ ಬೋರ್ಡು?" ಇವರು ನಕ್ಕರು. "ನಾನು ದಿನಾ ಬೋರ್ಡ್ ಓದ್ತೀನಿ. ತೊಂಬತ್ಮೂರು ಮಿಲಿಯನ್ ಮೈಲಿ ದೂರದ ಬೋರ್ಡು."

"ತಮಾಷೆ ಅಲ್ಲ ಅಣ್ಣ. ಸಕ್ಕರೆ ಇದೆ ನಿಮಗೆ. ಸಕ್ಕರೆ ಕಣ್ಣಿಗೆ ಇಳಿದ್ರೆ ನೋವು ಬರಲ್ಲ, ಗೊತ್ತೇ ಆಗಲ್ಲ. ನಮ್ಮ ಅಪ್ಪಾಗೂ ಹಂಗೇ ಆಯ್ತು."

ಇವರು ಜೇಬಿನಿಂದ ಕೇಂದ್ರದ ತ್ರೈಮಾಸಿಕ ವರದಿಯ ಪ್ರಿಂಟು ತೆಗೆದರು. ಅಕ್ತರ್ ಭಾಯಿಗೆ ತೋರಿಸಲೆಂದೇ ತಂದಿದ್ದು. "ನೋಡಪ್ಪಾ. ಗುಣಕ ಎಷ್ಟಿದೆ? ತೊಂಬತ್ತೆರಡರಲ್ಲಿ ಎಷ್ಟಿತ್ತೋ ಅಷ್ಟೇ. ಕಣ್ಣು ಕೆಟ್ಟಿದ್ರೆ ಇದು ಮೊದಲು ಹೇಳುತ್ತೆ. ನಿನ್ನ ಬೋರ್ಡಿನಲ್ಲಿ ಏಳು ಸಾಲಿದೆ. ಇದರಲ್ಲಿ ಮೂವತ್ತೊಂದು ವರ್ಷ ಇದೆ."

ಅಕ್ತರ್ ಭಾಯಿ ಆ ಕಾಗದವನ್ನು ಓದಿ ತಲೆಯಾಡಿಸಿದರು. ಆಮೇಲೆ ನನ್ನ ಕಡೆ ನೋಡಿ, "ಭಾಭಿ, ಮನೇಲಿ ಏನಾದ್ರೂ ತೊಂದರೆ ಕಾಣುತ್ತಾ?" ಅಂತ ಕೇಳಿದರು.

ಬಾಯಿ ತೆರೆದರೆ ಎಲ್ಲವೂ ಅವತ್ತೇ ಸರಿಹೋಗುತ್ತಿತ್ತು. ತೊಡೆಯ ಮೇಲೆ ಬ್ಯಾಗಿತ್ತು, ಬ್ಯಾಗಿನಿಂದ ಕೊತ್ತಂಬರಿ ಇಣುಕುತ್ತಿತ್ತು, ನಾನು ಅದನ್ನು ಒಳಗೆ ತುರುಕುತ್ತಾ, "ಏನಿಲ್ಲ ಭಾಯಿ, ವಯಸ್ಸು" ಅಂದೆ. ಇವರ ಮುಂದೆ, ಇವರ ಗೆಳೆಯನ ಮುಂದೆ, ಆ ಕಾಗದದ ಮೇಲಿನ ಅಂಕಿ ನನ್ನದು ಅಂತ ಹೇಳುವ ಧೈರ್ಯ ನನಗಿರಲಿಲ್ಲ. ಕನ್ನಡಕದ ನಂಬರು ತಾನೇ, ಇನ್ನೊಂದು ತಿಂಗಳಿಗೆ ಉಪಾಯವಾಗಿ ಕರೆದುಕೊಂಡು ಬಂದರಾಯಿತು ಅಂದುಕೊಂಡೆ. ಆ ತಿಂಗಳು ಬರಲೇ ಇಲ್ಲ.

ಇವರ ಎಣಿಕೆ ಇಳಿಯುತ್ತಾ ಹೋಯಿತು. ಸೂರ್ಯ ಎಂಟು ಗುಂಪು ಹೊತ್ತು ನಿಂತಿದ್ದರೆ ಇವರು ಮೂರು ಅನ್ನುತ್ತಿದ್ದರು. "ಈ ಸಲದ ಏರು ಯಾಕೋ ಸಪ್ಪೆ" ಅನ್ನುತ್ತಿದ್ದರು. ಅನ್ನದಲ್ಲಿ ಕಲ್ಲು ಆರಿಸುವುದು ಬಿಟ್ಟರು, ಪೇಪರಿನ ದಪ್ಪ ಅಕ್ಷರ ಮಾತ್ರ ಓದಿ ಮಡಚಿಡುತ್ತಿದ್ದರು. ಕೇಳಿದರೆ ಬಲ್ಬು ಸರಿಯಿಲ್ಲ ಅನ್ನುತ್ತಿದ್ದರು. ನಾನು ದೊಡ್ಡ ಬಲ್ಬು ತಂದು ಹಾಕಿದೆ.

ಇಪ್ಪತ್ತನಾಲ್ಕರ ಅಕ್ಟೋಬರ್‌ನಲ್ಲಿ ಇವರು ಹಲಸೂರಿನ ರಸ್ತೆ ದಾಟುವಾಗ ಸ್ಕೂಟರಿಗೆ ತಗುಲಿ ಬಿದ್ದರು. ಮೊಣಕೈ ತರಚಿದ್ದಷ್ಟೇ. ವಿಷಯ ತಿಳಿದ ಅಕ್ತರ್ ಭಾಯಿ ಆಟೋ ಮಾಡಿಕೊಂಡು ಬಂದು ಇವರನ್ನು ಕೂರಿಸಿಕೊಂಡು ಕಣ್ಣಾಸ್ಪತ್ರೆಗೆ ಹೊರಟರು. ನಾನೂ ಹತ್ತಿದೆ. ಇವರು ತಮ್ಮ ಫೈಲನ್ನೂ ಎಣಿಕೆ ಪುಸ್ತಕವನ್ನೂ ತರಲು ಹೇಳಿದ್ದರು. ಕಣ್ಣಿನ ಡಾಕ್ಟರಿಗೆ ತಮ್ಮ ಕಣ್ಣಿನ ದಾಖಲೆ ತೋರಿಸಬೇಡವೇ?

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹನಿ ಬಿಟ್ಟು, ಕತ್ತಲೆ ಕೋಣೆಯಲ್ಲಿ ಕೂರಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ದೀಪ ಹಾಕಿದರು.

"ಯಾವಾಗಿಂದ ಮಂಜಾಗಿದೆ ಸರ್?"

"ಎರಡು ತಿಂಗಳಿಂದ ಸ್ವಲ್ಪ. ಅದಕ್ಕೆ ಮುಂಚೆ ಸರಿಯಾಗಿತ್ತು."

"ಇದು ಎರಡು ತಿಂಗಳದ್ದಲ್ಲ ಸರ್. ಕಣ್ಣಿನ ಹಿಂದೆ ಒಂದು ಪರದೆ ಇರುತ್ತೆ. ಸಕ್ಕರೆಯಿಂದ ಅದರ ನಡುಭಾಗ ಊದಿಕೊಂಡು, ಈಗ ಗಟ್ಟಿಯಾಗಿಬಿಟ್ಟಿದೆ. ಕಳೆದ ವರ್ಷದ ಶುರುವಲ್ಲಿ ಬಂದಿದ್ರೆ ಇಂಜೆಕ್ಷನ್ ಕೊಟ್ಟು ಹಿಡಿದು ನಿಲ್ಲಿಸಬಹುದಿತ್ತು. ಬಲಗಣ್ಣಲ್ಲಿ ಇನ್ನು ಏನೂ ಮಾಡೋಕಾಗಲ್ಲ. ಎಡಗಣ್ಣಲ್ಲಿ ಉಳಿದಷ್ಟನ್ನ ಉಳಿಸಿಕೊಳ್ಳೋಣ."

ಇವರು ವಾದಕ್ಕೆ ನಿಂತರು. "ಇಲ್ಲ ಮೇಡಂ. ಕಳೆದ ವರ್ಷ ನನ್ನ ಕಣ್ಣು ಸರಿಯಿತ್ತು, ನನ್ನ ಹತ್ರ ರೆಕಾರ್ಡ್ ಇದೆ. ಲಕ್ಷ್ಮಿ, ಫೈಲು ಕೊಡು." ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ಪೆನ್ಸಿಲ್ ಮೊನೆಯಷ್ಟು ಚುಕ್ಕೆಗಳು, ತಟ್ಟೆಯಷ್ಟಗಲ ಬಿಂಬ, ದಿನಕ್ಕೆ ಇಷ್ಟಿಷ್ಟು ಎಣಿಕೆ ಅಂತ ವಿವರಿಸಿದರು. ಪುಸ್ತಕದಲ್ಲಿ ಹೋದ ತಿಂಗಳ ಪುಟವನ್ನು ಬೆರಳಲ್ಲಿ ತಡವಿ ಹುಡುಕಿ ಮುಂದೆ ಸರಿಸಿದರು. ಹೊರಗೆ ಎಷ್ಟೋ ಜನ ಕಾಯುತ್ತಿದ್ದರೂ ಆ ಹುಡುಗಿ ತಾಳ್ಮೆಯಿಂದ ನೋಡಿದಳು. ಅವಳು ಅಷ್ಟು ಒಳ್ಳೆಯವಳಾಗಿರಬಾರದಿತ್ತು.

"ಗುಂಪು ಒಂಬತ್ತು, ಕಲೆ ಐವತ್ತೆರಡು," ಅವಳು ಓದಿದಳು. "ಸರ್, ಇದನ್ನ ನೀವು ಈ ಕಣ್ಣಲ್ಲಿ ನೋಡಿರೋಕೆ ಸಾಧ್ಯ ಇಲ್ಲ. ಹೋದ ತಿಂಗಳಲ್ಲ, ಹೋದ ವರ್ಷವೂ ಸಾಧ್ಯ ಇರಲಿಲ್ಲ. ಬೇರೆ ಯಾರೋ ನೋಡಿದ್ದಾರೆ."

ಇವರು, "ಐವತ್ತೆರಡಾ?" ಅಂದರು. ಅಷ್ಟೇ.

ಆಮೇಲೆ ನನ್ನ ಕಡೆ ತಿರುಗಿದರು. ನಡುವಿನ ನೋಟ ಹೋದವರು ಎದುರಿನವರನ್ನು ನೋಡಬೇಕಾದರೆ ಸ್ವಲ್ಪ ಪಕ್ಕಕ್ಕೆ ನೋಡುತ್ತಾರೆ. ಇವರು ನನ್ನ ಕಿವಿಯ ಹತ್ತಿರ ಎಲ್ಲೋ ನೋಡುತ್ತಿದ್ದರು. ಎಷ್ಟು ದಿನದಿಂದ ಹಾಗೆ ನೋಡುತ್ತಿದ್ದರೋ, ನಾನು ಗಮನಿಸಿರಲೇ ಇಲ್ಲ. ಸೂರ್ಯನ ಮೇಲಿನ ಸಾಸಿವೆ ಕಾಳು ಕಂಡ ನನಗೆ ಗಂಡನ ಕಣ್ಣು ಕಾಣಲಿಲ್ಲ. ಆ ಕೋಣೆಯಲ್ಲಿ ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

"ನಾನೇ ಬರೆದೆ" ಅಂದೆ.

ಅಕ್ತರ್ ಭಾಯಿ ಆಟೋದಲ್ಲಿ ಮನೆಯ ತನಕ ಬಂದು, ಇವರ ಕೈಹಿಡಿದು ಮೆಟ್ಟಿಲು ಹತ್ತಿಸಿ, ನನ್ನ ಮುಖ ನೋಡದೆ ಹೊರಟುಹೋದರು. ಇವರು ಕುರ್ಚಿಯಲ್ಲಿ ಕೂತು ನೀರು ಕೇಳಿದರು. ಕುಡಿದರು. ಲೋಟವನ್ನು ನನ್ನ ಕೈಗೇ ಕೊಟ್ಟರು.

"ಮೊದಲನೇ ದಿನ ಯಾವುದು?"

ನನಗೆ ಅರ್ಥವಾಯಿತು. ಇಂಜೆಕ್ಷನ್ನಿನ ಲೆಕ್ಕ ಹಾಕುತ್ತಿದ್ದಾರೆ. ಈ ವರ್ಷದ ಬೇಸಿಗೆ ಅಂತ ಹೇಳಿದರೆ, ಹೇಗಿದ್ದರೂ ಹೊತ್ತು ಮೀರಿತ್ತು ಅಂತ ಇವರಿಗೆ ಸಮಾಧಾನವಾಗುತ್ತದೆ, ನಾನೂ ಉಳಿಯುತ್ತೇನೆ. ನಾಲಿಗೆಯ ತುದಿಗೆ ಬಂದಿತ್ತು. ಹಿಂದಿನ ಸುಳ್ಳೂ ಹೀಗೇ ಕರುಣೆಯ ಸೀರೆ ಉಟ್ಟುಕೊಂಡು ಬಂದದ್ದು ನೆನಪಾಯಿತು.

"ಹೋದ ವರ್ಷ ಫೆಬ್ರವರಿ ಒಂಬತ್ತು" ಅಂದೆ.

"ನೀನು ಮೂಲೆ ತೋರಿಸಿದೆಯಲ್ಲ, ಅವತ್ತು."

"ಹೂಂ."

"ನಾನು ಬೈದೆ."

"ಹೂಂ."

ಇವರು ಬೆರಳು ಮಡಚಿ ಎಣಿಸಿದರು. "ಇಪ್ಪತ್ತು ತಿಂಗಳು" ಅಂದರು. "ಅವತ್ತು ಇನ್ನೂ ಹೊತ್ತಿತ್ತು." ಬೈಯಲಿಲ್ಲ, ಅಳಲಿಲ್ಲ. ನಾನು ಕಾಲು ಹಿಡಿದುಕೊಂಡು ಅತ್ತೆ. ತಲೆಯ ಮೇಲೆ ಕೈ ಇಟ್ಟರು, ಆಮೇಲೆ ಎಲ್ಲಿಡಬೇಕು ಅಂತ ತಿಳಿಯದವರಂತೆ ಕೈ ಹಿಂದಕ್ಕೆ ತೆಗೆದುಕೊಂಡರು.

ಮಾರನೇ ಬೆಳಿಗ್ಗೆ ಕೇಂದ್ರಕ್ಕೆ ಕಾಗದ ಬರೆಸಿದರು. ಇವರು ಇಂಗ್ಲಿಷಿನಲ್ಲಿ ಒಂದೊಂದೇ ವಾಕ್ಯ ಹೇಳಿದರು, ನಾನು ಫೋನಿನಲ್ಲಿ ಒತ್ತಿದೆ. ಹೋದ ವರ್ಷದ ಫೆಬ್ರವರಿ ಒಂಬತ್ತರಿಂದ ಈಚೆಗೆ ನನ್ನ ಹೆಸರಿನಲ್ಲಿ ಬಂದ ಎಲ್ಲ ಎಣಿಕೆಗಳನ್ನು ತೆಗೆದುಹಾಕಿ. ನೋಡಿದವರು ನಾನಲ್ಲ. ನನ್ನ ಕಣ್ಣು ಇನ್ನು ಕೆಲಸಕ್ಕೆ ಬಾರದು. ಇಷ್ಟು ವರ್ಷ ನನ್ನನ್ನು ನಂಬಿದ್ದಕ್ಕೆ ಕೃತಜ್ಞ. ಹೆಂಡತಿ ಅಂತ ಎಲ್ಲೂ ಬರೆಸಲಿಲ್ಲ. ರಿಜೆಕ್ಟಾದ ಮಾಲಿಗೆ ಚೀಟಿ ಅಂಟಿಸುವಾಗ ಕೆಲಸಗಾರನ ಹೆಸರು ಬರೆಯುತ್ತಿರಲಿಲ್ಲ ಅಂತ ಹಿಂದೊಮ್ಮೆ ಹೇಳಿದ್ದರು.

ಹತ್ತು ದಿನಕ್ಕೆ ಉತ್ತರ ಬಂತು. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ತಡವರಿಸುತ್ತಾ ಓದಿದೆ. ಇಪ್ಪತ್ತು ತಿಂಗಳ ಎಣಿಕೆ ತೆಗೆದಿದ್ದೇವೆ, ಅದಕ್ಕೆ ಹಿಂದಿನ ಮೂವತ್ತು ವರ್ಷ ಹಾಗೆಯೇ ಉಳಿಯುತ್ತದೆ, ನಿಮ್ಮ ಪ್ರಾಮಾಣಿಕತೆ ದೊಡ್ಡದು ಅಂತ ಇತ್ತು. ಅಲ್ಲಿಗೆ ನಿಲ್ಲಿಸಿದೆ.

"ಇನ್ನೂ ಇದೆ. ಪೂರ್ತಿ ಓದು" ಅಂದರು. ನನ್ನ ಉಸಿರಿನಿಂದಲೇ ತಿಳಿದುಕೊಂಡಿರಬೇಕು.

ಓದಿದೆ. ತೆಗೆದುಹಾಕಿದ ಎಣಿಕೆಗಳನ್ನು ನಾವು ಬೇರೆಯವರ ಎಣಿಕೆಗಳ ಜೊತೆ ಹೋಲಿಸಿ ನೋಡಿದೆವು, ಬಹಳ ಚೆನ್ನಾಗಿ ಹೊಂದುತ್ತವೆ. ಅವುಗಳನ್ನು ಮಾಡಿದವರು ತಮ್ಮ ಸ್ವಂತ ಹೆಸರಿನಲ್ಲಿ ಹೊಸದಾಗಿ ಶುರುಮಾಡಲು ಒಪ್ಪುವರೇ?

ಇವರು ಗಲ್ಲ ತುರಿಸಿಕೊಂಡರು. "ನಿನ್ನ ಕಣ್ಣು ಚೆನ್ನಾಗಿದೆ" ಅಂದರು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಪಾಸು ಮುದ್ರೆ ಒತ್ತುವಾಗ ಇದೇ ದನಿ ಇದ್ದಿರಬೇಕು. ಅದಕ್ಕಿಂತ ನಾಲ್ಕು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

"ನಾನು ಆ ಕೊಳವೆ ಮುಟ್ಟಲ್ಲ" ಅಂದೆ.

"ಗಾಜು ಸರಿಯಾಗಿದೆ, ಮಾಳಿಗೆ ಇದೆ. ಸುಮ್ಮನೆ ಯಾಕೆ ಬಿಡ್ಬೇಕು? ನಿನ್ನ ಹೆಸರು ಹಾಕು."

ಹಾಕಿದೆ. ಈಗ ವರ್ಷದ ಮೇಲಾಯಿತು. ಬೆಳಿಗ್ಗೆ ಎಂಟೂವರೆಗೆ ಮಾಳಿಗೆ ಹತ್ತುತ್ತೇನೆ, ಕಪ್ಪು ಬಟ್ಟೆ ಹೊದೆಯುತ್ತೇನೆ, ನಾನೇ ಎಣಿಸಿ ನಾನೇ ಬರೆಯುತ್ತೇನೆ. ಮೋಡವಿದ್ದರೆ ಮೋಡ ಅಂತ ಬರೆಯುತ್ತೇನೆ. ಕೆಳಗೆ ಬಂದರೆ ಇವರು ಕುರ್ಚಿಯಲ್ಲಿ ರೇಡಿಯೋ ಹಾಕಿಕೊಂಡು ಕೂತಿರುತ್ತಾರೆ. ಎಷ್ಟು ಅಂತ ಒಂದು ದಿನವೂ ಕೇಳಿಲ್ಲ. ಮೊದಮೊದಲು ನಾನೇ ಹೇಳುತ್ತಿದ್ದೆ. "ಸರಿ" ಅನ್ನುತ್ತಿದ್ದರು, ಬೇರೆ ಊರಿನ ಹವಾಮಾನ ಕೇಳಿಸಿಕೊಂಡವರಂತೆ. ಈಗ ಹೇಳುವುದನ್ನು ಬಿಟ್ಟಿದ್ದೇನೆ. ಉಳಿದಂತೆ ಇವರು ನನ್ನ ಜೊತೆ ಚೆನ್ನಾಗಿಯೇ ಇದ್ದಾರೆ. ಸಾರಿಗೆ ಉಪ್ಪು ಕಮ್ಮಿ ಅಂತಾರೆ, ಆಂಜನಮ್ಮನನ್ನು ಆಡ್ಕೊಂಡು ನಗುತ್ತಾರೆ. ಕ್ಷಮಿಸಿದ್ದಾರೆ ಅಂತಲೇ ಅಂದುಕೊಂಡಿದ್ದೆ.

ಎಡಗಣ್ಣಿಗೆ ಎರಡು ತಿಂಗಳಿಗೊಮ್ಮೆ ಇಂಜೆಕ್ಷನ್ ಇದೆ. ಮೊನ್ನೆ ಬುಧವಾರ ಅದನ್ನು ಮುಗಿಸಿಕೊಂಡು ಶಿವಾಜಿನಗರದ ಬಸ್ ಸ್ಟಾಂಡಿನಲ್ಲಿ ನಿಂತಿದ್ದೆವು. ಇವರು ಎಂದಿನಂತೆ ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡಿದ್ದರು. ಪಕ್ಕದಲ್ಲಿ ಮಾರುಕಟ್ಟೆಯಿಂದ ಬಂದ ಒಬ್ಬ ಮನುಷ್ಯ ಹೂವಿನ ಮೂಟೆ ಕೆಳಗಿಟ್ಟುಕೊಂಡು ಬೀಡಿ ಸೇದುತ್ತಿದ್ದ. ಬಸ್ಸು ಬಂತು.

"ವಿಮಾನಪುರದ್ದೇ ರೀ, ನಡೀರಿ" ಅಂದೆ.

ಇವರು ಹೆಜ್ಜೆ ಕಿತ್ತಿಡಲಿಲ್ಲ. ಕೈ ನನ್ನ ಹೆಗಲ ಮೇಲೇ ಇತ್ತು. ಮುಖವನ್ನು ಬೀಡಿಯ ವಾಸನೆ ಬರುತ್ತಿದ್ದ ಕಡೆ ತಿರುಗಿಸಿ, "ಸ್ವಾಮಿ, ಇದು ಯಾವ ಕಡೆ ಹೋಗೋ ಬಸ್ಸು?" ಅಂತ ಕೇಳಿದರು.

ಆತ ತಲೆಯೆತ್ತಿ ಬೋರ್ಡು ನೋಡಿದ. "ವಿಮಾನಪುರ ಸಾರ್."

"ಥ್ಯಾಂಕ್ಸ್" ಅಂದು, ಇವರು ನನ್ನ ಹೆಗಲು ಹಿಡಿದುಕೊಂಡು ಬಸ್ಸು ಹತ್ತಿದರು.